ಕ್ರಿಯೋಲ್ ಏಡಿ ಕೇಕ್: ಬಾಣಲೆಯಲ್ಲಿ ಒಡೆಯದಿರಲು ಏನು ಮಾಡಬೇಕು?

ಪ್ರಶ್ನೆ: ನಾವು ಹ್ಯೂಸ್ಟನ್‌ನಲ್ಲಿದ್ದೇವೆ. ನ್ಯೂ ಓರ್ಲಿಯನ್ಸ್‌ಗೆ ಹೋದಾಗ ತಿಂದ ಕ್ರ್ಯಾಬ್ ಕೇಕ್, ಅಂದರೆ ಏಡಿ ಮಾಂಸದ ಕಟ್ಲೆಟ್, ಮಕ್ಕಳಿಗೆ ತುಂಬ ಹಿಡಿಸಿತು. ಮನೆಯಲ್ಲಿ ಮೂರು ಸಲ ಮಾಡಿದೆ. ಎರಡು ಸಲ ಬಾಣಲೆಯಲ್ಲೇ ಒಡೆದು ಉಪ್ಪಿಟ್ಟಿನಂತಾಯಿತು. ಮೂರನೆಯ ಸಲ ಬ್ರೆಡ್ ಪುಡಿಯನ್ನು ಹೆಚ್ಚು ಹಾಕಿದೆ. ಒಡೆಯಲಿಲ್ಲ, ಆದರೆ ಏಡಿಯ ರುಚಿಯೇ ಸಿಗಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ತಪ್ಪು ನೀರಿನದು. ಕೇಕ್ ಒಡೆದಾಗ ಎಲ್ಲರ ಕೈಯೂ ಬ್ರೆಡ್ ಪುಡಿಯ ಡಬ್ಬಿಗೇ ಹೋಗುತ್ತದೆ. ಪುಡಿ ನೀರನ್ನು ಹೀರಿಕೊಳ್ಳುತ್ತದೆ ನಿಜ, ಆದರೆ ಜೊತೆಗೆ ಏಡಿಯ ರುಚಿಯನ್ನೂ ಮುಚ್ಚಿಬಿಡುತ್ತದೆ. ಹಾಗಾಗಿ ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಬಹುಮಟ್ಟಿಗೆ ಅದು ಎರಡು ಕಡೆಯಿಂದ ಬಂದಿರುತ್ತದೆ. ಡಬ್ಬಿಯ ಏಡಿ ಮಾಂಸದಲ್ಲಿ ನಿಂತ ನೀರು ಒಂದು. ಹಸಿಯಾಗಿಯೇ ಹೆಚ್ಚಿ ಹಾಕಿದ ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ ಇನ್ನೊಂದು.

ಮಾಂಸವನ್ನು ಜರಡಿಯಲ್ಲಿ ಅರ್ಧ ಗಂಟೆ ಬಿಟ್ಟು ನೀರು ಬಸಿಯಿರಿ. ಅದನ್ನು ತೊಳೆಯಬೇಡಿ, ಹಿಂಡಲೂ ಬೇಡಿ. ಕಾಲು ಕಪ್ ಈರುಳ್ಳಿ, ಎರಡೆರಡು ದೊಡ್ಡ ಚಮಚ ಸೆಲರಿ ಮತ್ತು ದೊಣ್ಣೆಮೆಣಸಿನಕಾಯಿಯನ್ನು ಸಾಸಿವೆ ಕಾಳಿಗಿಂತ ಸ್ವಲ್ಪ ದಪ್ಪಗೆ ಹೆಚ್ಚಿ, ಒಂದು ಚಮಚ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ. ಬಾಣಲೆಯ ತಳ ಒಣಗುವವರೆಗೆ ಬಿಡಿ. ಒಂದು ಎಸಳು ಬೆಳ್ಳುಳ್ಳಿಯನ್ನು ಕೊನೆಗೆ ಸೇರಿಸಿ. ಇದು ಪೂರ್ತಿ ಆರಿದ ಮೇಲೆ ಒಂದು ಮೊಟ್ಟೆ, ಮೂರು ದೊಡ್ಡ ಚಮಚ ಮೆಯೊನೀಸ್, ಎರಡು ಸಣ್ಣ ಚಮಚ ಕ್ರಿಯೋಲ್ ಸಾಸಿವೆ (ವಿನೆಗರ್‌ನಲ್ಲಿ ನೆನೆಸಿ ರುಬ್ಬಿದ್ದು), ಒಂದೂವರೆ ಸಣ್ಣ ಚಮಚ ಕ್ರಿಯೋಲ್ ಮಸಾಲೆ (ಎರಡನ್ನೂ ಮಾಡುವ ಕ್ರಮ ಮುಂದಿದೆ), ಸ್ವಲ್ಪ ನಿಂಬೆರಸ, ಹೆಚ್ಚಿದ ಈರುಳ್ಳಿ ಸೊಪ್ಪು ಎಲ್ಲವನ್ನೂ ಕಲಸಿ. 450 ಗ್ರಾಂ ಏಡಿ ಮಾಂಸಕ್ಕೆ ಈ ಅಳತೆ. ಏಡಿಯನ್ನೂ ಅರ್ಧ ಕಪ್ ಬ್ರೆಡ್ ಪುಡಿಯನ್ನೂ ಕೊನೆಯಲ್ಲಿ ಹಾಕಿ, ಚಮಚ ಬಿಟ್ಟು ಬೆರಳುಗಳಿಂದ ಅಡಿಯಿಂದ ಮೇಲಕ್ಕೆ ಎತ್ತಿ ಬೆರೆಸಿ. ಮಾಂಸದ ಗಟ್ಟಿ ತುಂಡುಗಳು ಕಣ್ಣಿಗೆ ಕಾಣುವಂತಿರಬೇಕು.

ಈ ಹಂತದಲ್ಲಿ ಮಿಶ್ರಣ ಸಡಿಲವಾಗಿಯೇ ಇರುತ್ತದೆ. ನೀವು ಗಾಬರಿಯಾಗಿ ಇನ್ನಷ್ಟು ಪುಡಿ ಹಾಕಿದ್ದು ಬಹುಶಃ ಇಲ್ಲೇ. ಎಂಟು ಭಾಗ ಮಾಡಿ, ಒಂದೊಂದನ್ನೂ ಅಂಗೈ ಮೇಲೆ ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ. ಅಂಚು ಬಿರಿದರೆ ಹೆಬ್ಬೆರಳಿನಿಂದ ಒಳಕ್ಕೆ ತಳ್ಳಿ ಮುಚ್ಚಿ. ತಟ್ಟೆಯಲ್ಲಿಟ್ಟು ಫ್ರಿಜ್‌ನಲ್ಲಿ ಕನಿಷ್ಠ ಒಂದು ಗಂಟೆ ಬಿಡಿ. ಆ ಹೊತ್ತಿನಲ್ಲಿ ಪುಡಿ ತೇವ ಹೀರಿ ಉಬ್ಬುತ್ತದೆ, ಬೆಣ್ಣೆ ಗಟ್ಟಿಯಾಗುತ್ತದೆ, ಕೈಗೆ ಅಂಟುತ್ತಿದ್ದ ಮುದ್ದೆ ಬಿಲ್ಲೆಯಂತೆ ನಿಲ್ಲುತ್ತದೆ. ಈ ಒಂದು ಗಂಟೆ ಕಾಯದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ.

ಬಾಣಲೆಯಲ್ಲಿ ಎಣ್ಣೆ ಮತ್ತು ಬೆಣ್ಣೆಯನ್ನು ಒಟ್ಟಿಗೆ ಕಾಯಿಸಿ. ಬೆಣ್ಣೆಯ ನೊರೆ ಅಡಗಿದಾಗ ಕೇಕ್‌ಗಳನ್ನು ಮಧ್ಯಮ ಉರಿಯಲ್ಲಿ ಇಟ್ಟು, ಮೂರ್ನಾಲ್ಕು ನಿಮಿಷ ಮುಟ್ಟದೆ ಬಿಡಿ. ದೋಸೆಯ ಹಾಗೆ, ಅಡಿ ಬೆಂದರೆ ತಾನಾಗಿ ಏಳುತ್ತದೆ. ಸಟ್ಟುಗಕ್ಕೆ ಅಂಟಿದರೆ ಇನ್ನೂ ಆಗಿಲ್ಲವೆಂದೇ ಅರ್ಥ. ಒಂದೇ ಸಲ ಮಗುಚಿ, ಇನ್ನೊಂದು ಬದಿಯನ್ನೂ ಅಷ್ಟೇ ಹೊತ್ತು ಬೇಯಿಸಿ. ಮೊಟ್ಟೆ ಇರುವುದರಿಂದ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು.

ಪ್ರಶ್ನೆ: ಕಾರವಾರದಲ್ಲಿ ನಮಗೆ ಸಿಗುವ ಏಡಿಯಿಂದ ಇದನ್ನು ಮಾಡಬಹುದೇ? ಯಾವ ಜಾತಿಯ ಏಡಿ ಒಳ್ಳೆಯದು?

ಉತ್ತರ: ಧಾರಾಳವಾಗಿ ಮಾಡಬಹುದು. ನ್ಯೂ ಓರ್ಲಿಯನ್ಸ್ ಇರುವ ಲೂಸಿಯಾನಾ ರಾಜ್ಯದವರು ಬಳಸುವುದು ನೀಲಿ ಏಡಿ, ಕ್ಯಾಲಿನೆಕ್ಟಿಸ್ ಸ್ಯಾಪಿಡಸ್. ಹೆಸರಿನ ಅರ್ಥವೇ ರುಚಿಯಾದ ಚೆಲುವ ಈಜುಗಾರ. ನಿಮ್ಮ ಮಾರುಕಟ್ಟೆಗೆ ಬರುವ ಮೂರು ಚುಕ್ಕೆಯ ಸಮುದ್ರದ ಏಡಿಯೂ ಅದೇ ಈಜುವ ಏಡಿಗಳ ಕುಟುಂಬಕ್ಕೆ ಸೇರಿದ್ದು. ಅಮೆರಿಕದ ಅಂಗಡಿಗಳಲ್ಲಿ ಡಬ್ಬಿಯಲ್ಲಿ ಸಿಗುವ ಏಡಿ ಮಾಂಸದಲ್ಲಿ ಏಷ್ಯಾದ ದೇಶಗಳಿಂದ ಹೋದ ಈಜುವ ಏಡಿಯದೂ ಇರುತ್ತದೆ. ಹ್ಯೂಸ್ಟನ್‌ನ ಓದುಗರು ಡಬ್ಬಿಯ ಚೀಟಿಯನ್ನೊಮ್ಮೆ ಓದಿ ನೋಡಲಿ.

ಜೀವವಿರುವ ಏಡಿಯನ್ನೇ ಕೊಳ್ಳಿ. ಸತ್ತ ಏಡಿಯ ಮಾಂಸದಲ್ಲಿ ಬ್ಯಾಕ್ಟೀರಿಯಾ ಬಹಳ ಬೇಗ ಹೆಚ್ಚುತ್ತವೆ. ತೂಕದ ಲೆಕ್ಕವೂ ಮನಸ್ಸಿನಲ್ಲಿರಲಿ: 450 ಗ್ರಾಂ ಮಾಂಸ ಸಿಗಲು ಸುಮಾರು ಮೂರು ಕಿಲೋ ಏಡಿ ಬೇಕು. ಬೇಯಿಸುವ ನೀರಿಗೆ ಉಪ್ಪಿನ ಜೊತೆ ಸಾಸಿವೆ, ಕೊತ್ತಂಬರಿ ಬೀಜ, ಸಬ್ಬಸಿಗೆ ಬೀಜ, ಬಿರಿಯಾನಿ ಎಲೆ, ಒಣಮೆಣಸಿನಕಾಯಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿ. ನ್ಯೂ ಓರ್ಲಿಯನ್ಸ್‌ನ ಅಂಗಡಿಗಳಲ್ಲಿ ಏಡಿ ಬೇಯಿಸಲೆಂದೇ ಮಾರುವ ಮಸಾಲೆ ಚೀಲದಲ್ಲಿ ಹೆಚ್ಚುಕಡಿಮೆ ಇವೇ ಇರುತ್ತವೆ. ಹನ್ನೆರಡರಿಂದ ಹದಿನೈದು ನಿಮಿಷ ಸಾಕು.

ಬಿಡಿಸುವಾಗ ಹಿಂದಿನ ಜೋಡಿ ಕಾಲುಗಳನ್ನು ಗಮನಿಸಿ. ಅವುಗಳ ತುದಿ ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿರುತ್ತದೆ. ಈಜಲು ಅವನ್ನು ಸದಾ ಬೀಸುವುದರಿಂದ ಅವುಗಳ ಬುಡದಲ್ಲಿ ದೊಡ್ಡ ಸ್ನಾಯು ಬೆಳೆದಿರುತ್ತದೆ. ಒಂದು ಏಡಿಯಲ್ಲಿ ಅಂಥವು ಎರಡೇ. ಅಂಗಡಿಯಲ್ಲಿ ಅತಿ ಹೆಚ್ಚು ಬೆಲೆಗೆ ಮಾರುವ ಜಂಬೋ ಲಂಪ್ ಇದೇ. ಮೈಯನ್ನು ಎರಡು ಹೋಳಾಗಿ ಮುರಿದು, ಆ ಕಾಲನ್ನು ಮೆಲ್ಲಗೆ ತಿರುಗಿಸಿ ಎಳೆದರೆ ಬಿಳಿಯ ಇಡೀ ಗಂಟು ಕಾಲಿನ ಜೊತೆಗೇ ಈಚೆ ಬರುತ್ತದೆ. ಅದನ್ನು ಬೇರೆ ಬಟ್ಟಲಲ್ಲಿಟ್ಟು ಎಲ್ಲಕ್ಕಿಂತ ಕೊನೆಗೆ ಸೇರಿಸಿ. ಉಳಿದ ಮಾಂಸವನ್ನು ಕಪ್ಪು ತಟ್ಟೆಯ ಮೇಲೆ ಹರಡಿ, ಚಿಪ್ಪಿನ ಚೂರುಗಳನ್ನು ಬೆರಳಿನಿಂದ ತಡವಿ ತೆಗೆಯಿರಿ. ಹೊಳೆ ಬಾಯಿಯ ದೊಡ್ಡ ಕೆಸರು ಏಡಿಯಾದರೆ ಮಾಂಸ ಹೆಚ್ಚಾಗಿ ಕೊಂಬಿನಲ್ಲಿರುತ್ತದೆ. ಅದು ಎಳೆ ಎಳೆಯಾಗಿ ಬರುವುದರಿಂದ ಅದೊಂದನ್ನೇ ಬಳಸದೆ ಸಮುದ್ರದ ಏಡಿಯ ಜೊತೆ ಬೆರೆಸಿದರೆ ಚೆನ್ನ.

ಪ್ರಶ್ನೆ: ಬೆಂಗಳೂರಿನಲ್ಲಿ ಕ್ರಿಯೋಲ್ ಮಸಾಲೆ, ಕ್ರಿಯೋಲ್ ಸಾಸಿವೆ ಸಿಗುತ್ತಿಲ್ಲ. ಗರಂ ಮಸಾಲೆ ಹಾಕಬಹುದೇ? ಕ್ರಿಯೋಲ್ ಎಂದರೆ ಖಾರ ಎಂದಷ್ಟೇ ಅರ್ಥವೇ?

ಉತ್ತರ: ಗರಂ ಮಸಾಲೆ ದಯವಿಟ್ಟು ಬೇಡ. ಜೀರಿಗೆ, ಅರಿಶಿನವೂ ಬೇಡ. ಏಡಿಯ ನವಿರಾದ ಸಿಹಿ ಅವುಗಳೆದುರು ನಿಲ್ಲುವುದಿಲ್ಲ.

ಕ್ರಿಯೋಲ್ ಎನ್ನುವುದು ನ್ಯೂ ಓರ್ಲಿಯನ್ಸ್ ನಗರದ ಅಡುಗೆ. ಫ್ರೆಂಚರು, ಸ್ಪೇನಿನವರು, ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರು, ಕೆರಿಬಿಯನ್ ದ್ವೀಪಗಳಿಂದ ಬಂದವರು, ಅಲ್ಲಿನ ಮೂಲನಿವಾಸಿಗಳು ಎಲ್ಲರ ಕೈಯೂ ಅದರಲ್ಲಿದೆ. ಫ್ರೆಂಚರ ಈರುಳ್ಳಿ, ಸೆಲರಿ, ಕ್ಯಾರೆಟ್ ಒಗ್ಗರಣೆಯಲ್ಲಿ ಕ್ಯಾರೆಟ್‌ನ ಜಾಗಕ್ಕೆ ಅಲ್ಲಿ ದೊಣ್ಣೆಮೆಣಸಿನಕಾಯಿ ಬಂತು. ಆ ಮೂರನ್ನು ಅಲ್ಲಿಯವರು ‘ಹೋಲಿ ಟ್ರಿನಿಟಿ’ ಎಂದೇ ಕರೆಯುತ್ತಾರೆ. ಕ್ರ್ಯಾಬ್ ಕೇಕ್‌ಗೆ ಇನ್ನೂ ಹೆಚ್ಚು ಹೆಸರಾದ ಮೇರಿಲ್ಯಾಂಡ್ ರಾಜ್ಯದಲ್ಲಿ ಈ ತರಕಾರಿಗಳು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಏಡಿ, ತುಸು ಮೆಯೊನೀಸ್, ಓಲ್ಡ್ ಬೇ ಎಂಬ ಮಸಾಲೆ ಪುಡಿ ಮುಖ್ಯ. ಆದ್ದರಿಂದ ನಿಮ್ಮ ಕೇಕ್ ಕ್ರಿಯೋಲ್ ಆಗುವುದು ಬೆಣ್ಣೆಯಲ್ಲಿ ಬಾಡಿದ ಆ ಮೂರು ತರಕಾರಿ ಮತ್ತು ಸಾಸಿವೆಯಿಂದ. ಖಾರ ಹಿನ್ನೆಲೆಯಲ್ಲಿದ್ದರೆ ಸಾಕು.

ಮಸಾಲೆಗೆ ಬೇಕಾದುದು ನಿಮ್ಮ ಮನೆಯಲ್ಲೇ ಇದೆ. ಪ್ಯಾಪ್ರಿಕಾದ ಬದಲು ಬ್ಯಾಡಗಿ ಮೆಣಸಿನ ಪುಡಿ ಎರಡು ದೊಡ್ಡ ಚಮಚ: ಬಣ್ಣ ಹೆಚ್ಚು, ಖಾರ ಕಡಿಮೆ. ಕೆಯೆನ್ ಬದಲು ಗುಂಟೂರು ಮೆಣಸಿನ ಪುಡಿ ಒಂದು ಸಣ್ಣ ಚಮಚ. ಒಣ ಬೆಳ್ಳುಳ್ಳಿ ಪುಡಿ, ಒಣ ಈರುಳ್ಳಿ ಪುಡಿ, ಉಪ್ಪು ಒಂದೊಂದು ದೊಡ್ಡ ಚಮಚ. ಕರಿಮೆಣಸು, ಥೈಮ್, ಒರೆಗಾನೊ ಒಂದೊಂದು ಸಣ್ಣ ಚಮಚ. ಹುರಿಯದೆ ಬೆರೆಸಿ ಡಬ್ಬಿಯಲ್ಲಿಡಿ. ಥೈಮ್ ಇಲ್ಲದಿದ್ದರೆ ಚಿಟಿಕೆ ಓಮವನ್ನು ಪುಡಿ ಮಾಡಿ ಹಾಕಿ. ಎರಡರ ಘಮಕ್ಕೂ ಕಾರಣ ಥೈಮಾಲ್ ಎಂಬ ಒಂದೇ ವಸ್ತು. ಒರೆಗಾನೊ ಇಲ್ಲದಿದ್ದರೆ ಕುಂಡದಲ್ಲಿರುವ ದೊಡ್ಡಪತ್ರೆಯ ಒಂದು ಎಲೆಯನ್ನು ಹೆಚ್ಚಿ ತರಕಾರಿಯ ಜೊತೆ ಬಾಡಿಸಿ. ಸೆಲರಿಗೆ ಮಾತ್ರ ಬದಲಿ ಇಲ್ಲ, ಅದನ್ನು ಹುಡುಕಿ ತನ್ನಿ.

ಕ್ರಿಯೋಲ್ ಸಾಸಿವೆಗೆ ಎರಡು ದಿನ ಮೊದಲೇ ಕೈ ಹಾಕಬೇಕು. ಕಾಲು ಕಪ್ ಸಾಸಿವೆಯನ್ನು ಮುಳುಗುವಷ್ಟು ವಿನೆಗರ್‌ನಲ್ಲಿ ನೆನೆಸಿ, ಚಿಟಿಕೆ ಉಪ್ಪು, ಒಂದು ಎಸಳು ಬೆಳ್ಳುಳ್ಳಿ ಸೇರಿಸಿ ಅರೆಬರೆಯಾಗಿ ರುಬ್ಬಿ. ರುಬ್ಬಿದ ದಿನ ಕಹಿಯಾಗಿರುತ್ತದೆ, ಮರುದಿನಕ್ಕೆ ಹದವಾಗುತ್ತದೆ. ಇದೇ ಸಾಸಿವೆ ಎರಡು ಚಮಚ, ಅರ್ಧ ಕಪ್ ಮೆಯೊನೀಸ್, ಬ್ಯಾಡಗಿ ಪುಡಿ, ಸಣ್ಣಗೆ ಹೆಚ್ಚಿದ ಸೆಲರಿ, ಈರುಳ್ಳಿ ಸೊಪ್ಪು, ನಿಂಬೆರಸ ಸೇರಿಸಿದರೆ ನೆಂಚಿಕೊಳ್ಳಲು ರೆಮುಲಾಡ್ ಸಿದ್ಧ.

ಬ್ರೆಡ್ ಪುಡಿಗೆ ಬೇಕರಿಯ ಸಿಹಿ ಬ್ರೆಡ್ ಬಳಸಬೇಡಿ. ಅದರ ಸಕ್ಕರೆಯಿಂದ ಕೇಕ್‌ನ ಮೇಲ್ಭಾಗ ಬೇಗ ಕಪ್ಪಾಗುತ್ತದೆ. ಎರಡು ದಿನದ ಹಳೆಯ ಪಾವ್ ಒಣಗಿಸಿ ಕೈಯಲ್ಲೇ ಪುಡಿ ಮಾಡಿ.

ಪ್ರಶ್ನೆ: ಓವನ್‌ನಲ್ಲಿ ಮಾಡಬಹುದೇ? ಮೊದಲೇ ಮಾಡಿ ಇಡಬಹುದೇ?

ಉತ್ತರ: ಮಾಡಬಹುದು. 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮೇಲೆ ಬೆಣ್ಣೆ ಸವರಿ, ಹದಿನೈದು ನಿಮಿಷ. ಗರಿ ಸ್ವಲ್ಪ ಕಡಿಮೆ, ಆದರೆ ಒಡೆಯುವ ಭಯವಿಲ್ಲ. ತಟ್ಟಿದ ಹಸಿ ಕೇಕ್‌ಗಳನ್ನು ಫ್ರಿಜ್‌ನಲ್ಲಿ ಒಂದು ದಿನ ಇಡಬಹುದು. ಫ್ರೀಜರ್‌ನಲ್ಲಿಟ್ಟರೆ ಕರಗುವಾಗ ಮತ್ತೆ ನೀರು ಬಿಡುತ್ತದೆ, ಹಾಗಾಗಿ ನಾನು ಇಡುವುದಿಲ್ಲ.