ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮೂಳೆಗಾಗಿ ಕ್ಯಾಲ್ಸಿಯಂ ಮಾತ್ರೆ ಕೊಡಬಹುದೇ?

ತಾಯಿಯವರ ಮೂತ್ರಪಿಂಡದ ಕಾಯಿಲೆ ನಾಲ್ಕನೆಯ ಹಂತದಲ್ಲಿದೆ, ರಕ್ತದ ಕ್ಯಾಲ್ಸಿಯಂ ಸರಿಯಾಗಿದ್ದರೂ ಪ್ಯಾರಾಥೈರಾಯ್ಡ್ ಹಾರ್ಮೋನು (ಪಿಟಿಎಚ್) ಏರಿದೆ, ಮೂಳೆನೋವಿಗೆ ಕ್ಯಾಲ್ಸಿಯಂ ಮಾತ್ರೆಯನ್ನು ನಾವೇ ತಂದು ಕೊಡಬಹುದೇ ಎಂದು ಕೇಳಿದ್ದೀರಿ. ಇಂತಹ ರೋಗಿಗಳಿಗೆ ಆಹಾರ ಸಲಹೆ ನೀಡುವುದು ನನ್ನ ಕೆಲಸ. ವೈದ್ಯರು ಬರೆದುಕೊಡದೆ ಕೊಡಬೇಡಿ ಎಂಬುದೇ ನನ್ನ ಉತ್ತರ.

ಮೂತ್ರಪಿಂಡ ಸೋತಂತೆ ರಂಜಕವು (ಫಾಸ್ಫರಸ್) ದೇಹದಿಂದ ಸರಿಯಾಗಿ ಹೊರಹೋಗುವುದಿಲ್ಲ. ಅದನ್ನು ಹೊರಹಾಕಿಸಲು ಮೂಳೆಯ ಕೋಶಗಳು ಎಫ್‌ಜಿಎಫ್-23 ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತವೆ. ಆದರೆ ಅದೇ ಹಾರ್ಮೋನು, ಮೊದಲೇ ಕುಗ್ಗಿರುವ ಮೂತ್ರಪಿಂಡದಲ್ಲಿ ಸಕ್ರಿಯ ಡಿ ಜೀವಸತ್ವದ ತಯಾರಿಕೆಯನ್ನು ಮತ್ತಷ್ಟು ತಗ್ಗಿಸುವುದರಿಂದ, ಕರುಳು ಆಹಾರದಲ್ಲಿರುವ ಕ್ಯಾಲ್ಸಿಯಂ ಅನ್ನು ಸಾಕಷ್ಟು ಹೀರಿಕೊಳ್ಳುವುದಿಲ್ಲ. ಆಗ ಪಿಟಿಎಚ್ ಏರಿ ಮೂಳೆಯಿಂದ ಕ್ಯಾಲ್ಸಿಯಂ ಸೆಳೆದು ರಕ್ತದ ಮಟ್ಟವನ್ನು ಕಾಪಾಡುತ್ತದೆ. ವರದಿಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದ ಮಾತ್ರಕ್ಕೆ ಮೂಳೆ ಚೆನ್ನಾಗಿದೆ ಎನ್ನಲಾಗದು.

ಹಾಗಾದರೆ ಮಾತ್ರೆ ನುಂಗಿದರೆ ಕೊರತೆ ತುಂಬೀತಲ್ಲ ಎನಿಸಬಹುದು. ಹೆಚ್ಚುವರಿ ಕ್ಯಾಲ್ಸಿಯಂ ಮೂಳೆಗೇ ಸೇರುತ್ತದೆಂಬ ಭರವಸೆಯಿಲ್ಲ. ರಂಜಕವೂ ಹೆಚ್ಚಿದ್ದರೆ ಆ ಕ್ಯಾಲ್ಸಿಯಂ ರಕ್ತನಾಳಗಳ ಗೋಡೆಯಲ್ಲಿ ಮತ್ತು ಹೃದಯದ ಕವಾಟಗಳಲ್ಲಿ ಶೇಖರವಾಗಬಹುದು. ಮೂಳೆ ಮುರಿತದ ಅಪಾಯ ಮತ್ತು ಹೃದಯದ ಅಪಾಯ ಇಲ್ಲಿ ಜೊತೆಗೂಡಿ ಬರುವುದರಿಂದಲೇ, ಖನಿಜಾಂಶಗಳ ಏರುಪೇರು, ಮೂಳೆಯ ದೋಷ, ರಕ್ತನಾಳಗಳ ಗಡಸುತನ ಮೂರನ್ನೂ 2006ರಿಂದ ಒಂದೇ ಕಾಯಿಲೆಯಾಗಿ ಪರಿಗಣಿಸಲಾಗುತ್ತಿದೆ.

ಕೆಲವರಿಗೆ ವೈದ್ಯರೇ ಕ್ಯಾಲ್ಸಿಯಂ ಮಾತ್ರೆ ಬರೆಯುವುದುಂಟು. ಗೊಂದಲ ಹುಟ್ಟುವುದೂ ಬಹುಪಾಲು ಇಲ್ಲಿಯೇ. ಅದು ಅನೇಕ ವೇಳೆ ಊಟದಲ್ಲಿರುವ ರಂಜಕವನ್ನು ಕರುಳಿನಲ್ಲೇ ಹಿಡಿದಿಡಲು ಕೊಡುವ ಔಷಧ. ಆದ್ದರಿಂದ ಅದನ್ನು ಊಟದೊಂದಿಗೇ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಆ ಉದ್ದೇಶ ನೆರವೇರುವುದಿಲ್ಲ.

ಆಹಾರದಲ್ಲಿ ನಾನು ಮೊದಲು ಕೈಬಿಡಿಸುವುದು ಫಾಸ್ಫೇಟ್ (ರಂಜಕದ ಲವಣ) ಬೆರೆಸಿದ ಸಿದ್ಧ ಆಹಾರಗಳನ್ನು, ಸಂಸ್ಕರಿಸಿದ ಮಾಂಸವನ್ನು ಮತ್ತು ಕೋಲಾ ಪಾನೀಯಗಳನ್ನು. ಬೆರೆಸಿದ ಫಾಸ್ಫೇಟ್ ಬಹುಪಾಲು ರಕ್ತಕ್ಕೆ ಸೇರುತ್ತದೆ. ಕಾಳು, ಧಾನ್ಯಗಳಲ್ಲಿ ರಂಜಕವು ಫೈಟೇಟ್ ಎಂಬ, ನಮ್ಮ ಕರುಳು ಸುಲಭವಾಗಿ ಒಡೆಯಲಾಗದ ರೂಪದಲ್ಲಿರುವುದರಿಂದ ಅಷ್ಟು ಹೀರಲ್ಪಡುವುದಿಲ್ಲ. ಹೆದರಿ ಬೇಳೆಕಾಳನ್ನೆಲ್ಲ ನಿಲ್ಲಿಸಿ ರೋಗಿಯನ್ನು ಸೊರಗಿಸುವುದು ನನಗೆ ಒಪ್ಪಿಗೆಯಿಲ್ಲ.

ಪಿಟಿಎಚ್ ಅನ್ನು ಆರೋಗ್ಯವಂತರ ಮಟ್ಟಕ್ಕೇ ಇಳಿಸಬೇಕೆಂದೂ ಹಟ ಹಿಡಿಯಬೇಡಿ. ಅತಿಯಾಗಿ ತಗ್ಗಿಸಿದರೆ ಮೂಳೆಯ ನವೀಕರಣವೇ ಕುಂಠಿತವಾಗುತ್ತದೆ. ಡಯಾಲಿಸಿಸ್‌ನಲ್ಲಿರುವವರಿಗೆ ಸಾಮಾನ್ಯ ಗರಿಷ್ಠ ಮಿತಿಯ 2ರಿಂದ 9 ಪಟ್ಟಿನವರೆಗೂ ಇರಬಹುದೆನ್ನುತ್ತದೆ ಮೂತ್ರಪಿಂಡ ಕಾಯಿಲೆಗಳ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊದ ಮಾರ್ಗಸೂಚಿ. ತಾಯಿಯವರ ವಿಷಯದಲ್ಲಿ ಒಂದೇ ವರದಿಗಿಂತ ಪಿಟಿಎಚ್ ಏರುತ್ತಲೇ ಇದೆಯೇ ಎಂಬುದು ಮುಖ್ಯ. ರಂಜಕ, ಡಿ ಜೀವಸತ್ವ, ಆಲ್ಕಲೈನ್ ಫಾಸ್ಫಟೇಸ್ (ಮೂಳೆಯ ನವೀಕರಣದ ಸುಳಿವು ಕೊಡುವ ಕಿಣ್ವ) ಮತ್ತು ಬೈಕಾರ್ಬೊನೇಟ್ (ರಕ್ತದ ಆಮ್ಲೀಯತೆಯ ಸುಳಿವು) ವರದಿಗಳನ್ನೂ ಮೂತ್ರಪಿಂಡ ತಜ್ಞರಿಗೆ ತೋರಿಸಿ. ಬೇರೆ ವೈದ್ಯರು ಯಾರಾದರೂ ಮೂಳೆ ಸವೆತಕ್ಕೆಂದು ಡೆನೊಸುಮ್ಯಾಬ್ ಚುಚ್ಚುಮದ್ದು ಸೂಚಿಸಿದರೆ, ಈ ಕಾಯಿಲೆಯ ವಿಷಯವನ್ನು ಮೊದಲೇ ತಿಳಿಸಿ; ಮೂತ್ರಪಿಂಡ ತೀರಾ ಸೋತವರಲ್ಲಿ ಅದು ರಕ್ತದ ಕ್ಯಾಲ್ಸಿಯಂ ಅನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು.