ಕಣ್ಣು ಒಣಗಿ ಉರಿಯುತ್ತಿರುವಾಗ ಅಂದಕ್ಕಾಗಿ ರೆಪ್ಪೆಯ ಸರ್ಜರಿ ಮಾಡಿಸಿಕೊಳ್ಳಬಹುದೇ?

ಮಾಡಿಸಬಹುದು, ಆದರೆ ಈಗಲೇ ಬೇಡ. ಮೊದಲು ಉರಿ ಹತೋಟಿಗೆ ಬರಲಿ. ಇಲ್ಲದಿದ್ದರೆ ಸರ್ಜರಿಯ ನಂತರ ಅದು ಹೆಚ್ಚಬಹುದು.

ರೆಪ್ಪೆ ಕಣ್ಣಿನ ವೈಪರ್ ಇದ್ದಂತೆ. ನಿಮಿಷಕ್ಕೆ ಸುಮಾರು 15 ಸಲ ಮಿಟುಕಿಸಿ, ಕಣ್ಣೀರನ್ನು ತೆಳುವಾಗಿ ಸವರುತ್ತದೆ. ಸರ್ಜರಿಯಲ್ಲಿ ಜೋತುಬಿದ್ದ ಚರ್ಮವನ್ನು, ಕೆಲವೊಮ್ಮೆ ಮಿಟುಕಿಸುವ ಸ್ನಾಯುವಿನ ಸಣ್ಣ ಪಟ್ಟಿಯನ್ನೂ ಕತ್ತರಿಸುತ್ತಾರೆ. ಕೆಲವು ವಾರ ಊತ, ಬಿಗಿತದಿಂದ ಮಿಟುಕು ಅರ್ಧಕ್ಕೇ ನಿಲ್ಲುತ್ತದೆ. ಚರ್ಮ ಜಾಸ್ತಿ ತೆಗೆದರಂತೂ ನಿದ್ದೆಯಲ್ಲೂ ಕೂದಲೆಳೆಯಷ್ಟು ಸಂದಿ ತೆರೆದೇ ಇರುತ್ತದೆ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಬೆಳಿಗ್ಗೆ ಕಣ್ಣಲ್ಲಿ ಮರಳು ಹೊಯ್ದ ಹಾಗೆ. ಕಣ್ಣೀರು ಚೆನ್ನಾಗಿರುವವರು ಇದನ್ನು ತಡೆದುಕೊಳ್ಳುತ್ತಾರೆ. ನಿಮ್ಮ ಬಳಿ ಆ ಉಳಿತಾಯವೇ ಇಲ್ಲ.

ಹಾಗಾಗಿ ಮೊದಲು ನೇತ್ರತಜ್ಞರ ಹತ್ತಿರ ಶಿರ್ಮರ್ ಪರೀಕ್ಷೆ ಮಾಡಿಸಿ. ಕೆಳರೆಪ್ಪೆಗೆ ಕಾಗದದ ಪಟ್ಟಿಯೊಂದನ್ನು 5 ನಿಮಿಷ ಸಿಕ್ಕಿಸುತ್ತಾರೆ, 5 ಮಿ.ಮೀ.ಗಿಂತ ಕಡಿಮೆ ಒದ್ದೆಯಾದರೆ ಕಣ್ಣೀರು ತೀರಾ ಕಡಿಮೆ ಎಂದರ್ಥ. ಎಷ್ಟೋ ಸಲ ತೊಂದರೆ ನೀರಿನದಲ್ಲ, ರೆಪ್ಪೆಯಂಚಿನ ಎಣ್ಣೆಗ್ರಂಥಿ ಕಟ್ಟಿಕೊಂಡಿರುವುದು. ಬಿಸಿನೀರಿನ ಬಟ್ಟೆಯ ಶಾಖ, ಕೃತಕ ಕಣ್ಣೀರಿನ ಹನಿ ಇವಿಷ್ಟಕ್ಕೇ ಬಹಳ ಮಂದಿ ಸುಧಾರಿಸುತ್ತಾರೆ.

ಲೇಸಿಕ್ (ಕನ್ನಡಕ ಬಿಡಲು ಮಾಡುವ ಲೇಸರ್ ಸರ್ಜರಿ) ಆಗಿದ್ದರೆ, ಥೈರಾಯ್ಡ್ ಅಥವಾ ಸಂಧಿವಾತ ಇದ್ದರೆ ಸರ್ಜನ್‌ಗೆ ಮುಚ್ಚಿಡಬೇಡಿ. ಚರ್ಮ ಸ್ವಲ್ಪವೇ ತೆಗೆಯಿರಿ ಎಂದು ನೀವೇ ಕೇಳಿ. ಉಳಿದದ್ದನ್ನು ಮುಂದೆ ತೆಗೆಸಬಹುದು. ತೆಗೆದದ್ದನ್ನು ತುಂಬಲು ಬೇರೆ ಕಡೆಯ ಚರ್ಮ ತಂದು ಕಸಿ ಮಾಡಬೇಕಾದೀತು.