ಅಂಟಿಸಿಟ್ಟ ಪ್ರೋಟೋಟೈಪ್‌ಗಳ ಗೋಳು

ಪ್ರಶ್ನೆ: ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಐಬಿಎಂ ಐ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ಆರ್‌ಪಿಜಿ ಭಾಷೆಯ ಪ್ರೋಗ್ರಾಂಗಳನ್ನು ನೋಡಿಕೊಳ್ಳುತ್ತೇನೆ. ತೆರಿಗೆ ಲೆಕ್ಕದ ಪ್ರೊಸೀಜರ್‌ನ ಪ್ರೋಟೋಟೈಪನ್ನು (ಅದರ ಹೆಸರು, ಅದಕ್ಕೆ ಕಳಿಸುವ ಮೌಲ್ಯಗಳು ಅಂದರೆ ಪ್ಯಾರಾಮೀಟರ್‌ಗಳ ಘೋಷಣೆ) ಹಿಂದಿನವರು ನಲವತ್ತು ಕಡೆ ಅಂಟಿಸಿಟ್ಟು ಹೋಗಿದ್ದಾರೆ. ಎಲ್ಲ ಪ್ರೊಸೀಜರ್‌ಗಳ ಘೋಷಣೆಗಳನ್ನೂ ಒಂದೇ ಕಾಪಿ ಮೆಂಬರ್‌ಗೆ (ಬೇರೆ ಪ್ರೋಗ್ರಾಂಗಳು ಎಳೆದುಕೊಳ್ಳುವ ಸೋರ್ಸ್ ತುಣುಕು) ಹಾಕಿಬಿಡಲೇ?
– ಓದುಗರು, ಶಿರಾ ಗೇಟ್, ತುಮಕೂರು

ಉತ್ತರ: ಅಂಟಿಸಿದ್ದನ್ನು ಕಿತ್ತುಹಾಕಿ. ಆದರೆ ಎಲ್ಲವನ್ನೂ ಒಂದೇ ಮೂಟೆಗೆ ತುರುಕಬೇಡಿ. ಒಂದು ಸರ್ವಿಸ್ ಪ್ರೋಗ್ರಾಂಗೆ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಕರೆಯುವ ಪ್ರೊಸೀಜರ್‌ಗಳ ಗುಂಪು) ಒಂದು ಕಾಪಿ ಮೆಂಬರ್ ಸಾಕು. ಬೇಕಾದವರು ಬೇಕಾದ್ದನ್ನು /ಕಾಪಿ ಮಾಡಿಕೊಳ್ಳಲಿ.

ನಾನು ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಲ್ಲಿ ಓಡಾಡುತ್ತಿದ್ದ ಕಾಲ. ಮೊತ್ತದ ಪ್ಯಾರಾಮೀಟರ್ 9 ಅಂಕಿ, 2 ದಶಮಾಂಶದ ಪ್ಯಾಕ್ಡ್ (ಒಂದು ಬೈಟ್‌ಗೆ ಎರಡು ಅಂಕಿ ಕೂರಿಸುವ ಬಗೆ) ಆಗಿತ್ತು. ಅದನ್ನು 11ಕ್ಕೆ ಏರಿಸಿದೆ, ಸರ್ವಿಸ್ ಪ್ರೋಗ್ರಾಂ ಕಟ್ಟಿದೆ, ಮನೆಗೆ ಹೊರಟೆ. ಕರೆಯುವ ಒಂದು ಪ್ರೋಗ್ರಾಂನಲ್ಲಿ ಹಳೇ ಪ್ರೋಟೋಟೈಪ್ ಹಾಗೇ ಕೂತಿತ್ತು. ಸಿಸ್ಟಮ್ ತುಟಿಪಿಟಿಕ್ ಅನ್ನಲಿಲ್ಲ. ಸರ್ವಿಸ್ ಪ್ರೋಗ್ರಾಂ ಬದಲಾಗಿದೆಯೇ ಎಂದು ಸಿಸ್ಟಮ್ ನೋಡುವ ಸಿಗ್ನೇಚರ್‌ಗೆ ಎಕ್ಸ್‌ಪೋರ್ಟ್ ಆದ, ಅಂದರೆ ಹೊರಗಿನವರು ಕರೆಯಬಲ್ಲ, ಹೆಸರುಗಳೂ ಅವುಗಳ ಸಾಲೂ ಗೊತ್ತು, ಪ್ಯಾರಾಮೀಟರ್ ಗೊತ್ತಿಲ್ಲ.

ರಾತ್ರಿ ಬಿಲ್ ಜಾಬ್ 907 ದೋಷ (ದಶಮಾಂಶ ಸಂಖ್ಯೆ ಸರಿಯಿಲ್ಲ ಎಂಬ ದೂರು) ಕೊಟ್ಟು ನಿಂತಿತು. 1234567.89 ಎಂಬ ಮೊತ್ತ ಐದು ಬೈಟ್‌ಗಳಲ್ಲಿ 12 34 56 78 9ಎಫ್ ಎಂದು ಕೂರುತ್ತದೆ, ಕೊನೆಯ ಎಫ್ ಅಂದರೆ ಪ್ಲಸ್ ಚಿಹ್ನೆ. ಪ್ಯಾರಾಮೀಟರ್ ಹೋಗಿದ್ದು ರೆಫರೆನ್ಸ್ ಮೂಲಕ, ಅಂದರೆ ಮೊತ್ತವಲ್ಲ, ಮೆಮೊರಿಯಲ್ಲಿ ಅದಿರುವ ವಿಳಾಸ ಮಾತ್ರ. ಪ್ರೊಸೀಜರ್ ಅದೇ ಜಾಗದಿಂದ ಆರು ಬೈಟ್ ಓದಿತು. ಅಂಕಿ ಇರಬೇಕಾದಲ್ಲಿ ಎಫ್ ಸಿಕ್ಕಿತು! ಆ ರಾತ್ರಿ ಆಫೀಸಿನ ಕುರ್ಚಿಯೇ ಹಾಸಿಗೆ.

ಇನ್ನೊಂದು ಮಾತು, ಬಹಳ ಜನ ಮರೆಯುವಂಥದ್ದು. ಪ್ರೊಸೀಜರ್ ಬರೆದಿರುವ ಮಾಡ್ಯೂಲ್‌ನಲ್ಲೂ ಅದೇ ಮೆಂಬರನ್ನು /ಕಾಪಿ ಮಾಡಿ. ಆಗ ಕಂಪೈಲರ್ ಪ್ರೋಟೋಟೈಪನ್ನು ಪ್ರೊಸೀಜರ್ ಇಂಟರ್‌ಫೇಸ್ (ಪ್ರೊಸೀಜರ್‌ನೊಳಗೇ ಬರೆದ ಪ್ಯಾರಾಮೀಟರ್ ಪಟ್ಟಿ) ಜೊತೆ ಹೋಲಿಸಿ, ತಾಳೆಯಾಗದಿದ್ದರೆ ಅಲ್ಲೇ ತಡೆಯುತ್ತದೆ. 2010ರ ಐಬಿಎಂ ಐ 7.1 ಆವೃತ್ತಿಯಿಂದ ಅಲ್ಲಿ ಪ್ರೋಟೋಟೈಪ್ ಕಡ್ಡಾಯವಲ್ಲ ಎಂದು ಹುಡುಗರು ಬಿಟ್ಟುಬಿಡುತ್ತಾರೆ. ಒಳಗೇ ಬಳಸುವ ಪ್ರೊಸೀಜರ್‌ಗೆ ಬಿಡಿ, ಹೊರಗಿನವರು ಕರೆಯುವುದಕ್ಕೆ ಬಿಡಬೇಡಿ.

ಒಂದು ಮೆಂಬರ್ ಇನ್ನೊಂದನ್ನು ಎಳೆದುಕೊಂಡು ಅದೇ ಘೋಷಣೆ ಎರಡು ಸಲ ಬಂದರೆ ಕಂಪೈಲ್ ಆಗದು. ಮೆಂಬರ್‌ನ ತಲೆಯಲ್ಲಿ /ಇಫ್ ಡಿಫೈನ್ಡ್, /ಇಒಎಫ್, /ಎಂಡಿಫ್, ಆಮೇಲೆ /ಡಿಫೈನ್ ಇಟ್ಟರೆ ಮುಗಿಯಿತು, ಎರಡನೇ ಸಲ ಬಂದಾಗ ಕಂಪೈಲರ್ ಆ ಮೆಂಬರನ್ನು ಬಿಟ್ಟು ಮುಂದೆ ಹೋಗುತ್ತದೆ. ಬದಲಾಗದ ಪ್ಯಾರಾಮೀಟರ್‌ಗಳಿಗೆ ಕಾನ್ಸ್ಟ್ ಹಾಕಿದರೆ ಉದ್ದ ಬೇರೆಯಿದ್ದರೂ ಕಂಪೈಲರ್ ತಾತ್ಕಾಲಿಕ ಪ್ರತಿ ಮಾಡಿ ಕಳಿಸುತ್ತದೆ.

ನಲವತ್ತನ್ನೂ ಒಂದೇ ದಿನ ಮುಟ್ಟಬೇಡಿ. ತೆರಿಗೆಯ ಮೆಂಬರ್ ಮೊದಲು ಮಾಡಿ, ಎಫ್‌ಎನ್‌ಡಿಎಸ್‌ಟಿಆರ್‌ಪಿಡಿಎಂ ಕಮಾಂಡಿನಿಂದ ಆ ಪ್ರೊಸೀಜರ್ ಹೆಸರು ಹುಡುಕಿ, ಸಿಕ್ಕ ಸೋರ್ಸ್‌ಗಳ ಪಟ್ಟಿ ಹಿಡಿದು ಒಂದೊಂದೇ ಬದಲಿಸಿ ಕಂಪೈಲ್ ಮಾಡುತ್ತಾ ಹೋಗಿ. ಎರಡು ಮೂರರಲ್ಲಾದರೂ ಉದ್ದ ತಪ್ಪಿರುವುದು ಸಿಗುತ್ತದೆ, ಬಾಜಿ ಕಟ್ಟುತ್ತೇನೆ, ತಟ್ಟೆ ಇಡ್ಲಿ ಕ್ಯಾತ್ಸಂದ್ರದಲ್ಲಿ.